ಹೊಡೆಯದೆ ಬಿಟ್ಟ ಚೆಂಡನ್ನು ಎಣಿಸುವುದು: ಬೇಸ್‌ಬಾಲ್ ನೋಡುವವರಿಗೆ ಒಂದು ಕೈಪಿಡಿ

ನಾನು ಸಿನ್ಸಿನಾಟಿಗೆ ಬಂದದ್ದು 2012ರ ಚಳಿಗಾಲದಲ್ಲಿ. ಮರುವರ್ಷ ಬೇಸಿಗೆಯಲ್ಲಿ ಲ್ಯಾಬಿನ ಗೆಳತಿಯರು ಓಹಾಯೋ ನದಿಯ ದಡದಲ್ಲಿರುವ ಗ್ರೇಟ್ ಅಮೆರಿಕನ್ ಬಾಲ್ ಪಾರ್ಕಿಗೆ ಕರೆದುಕೊಂಡು ಹೋದರು. ರೆಡ್ಸ್ ತಂಡದ ಆಟ. ಇಡೀ ಊರು ಹೆಸರು ಹೇಳುವ ಜೋಯಿ ವೊಟ್ಟೊ ಬ್ಯಾಟ್ ಹಿಡಿದು ಬಂದ, ನಾಲ್ಕು ಚೆಂಡು ಸುಮ್ಮನೆ ಬಿಟ್ಟ, ಬ್ಯಾಟನ್ನು ಪಕ್ಕಕ್ಕಿಟ್ಟು ಮೊದಲ ಬೇಸ್‌ಗೆ, ಅಂದರೆ ರನ್ ತರಲು ಸುತ್ತಿ ಮುಟ್ಟಬೇಕಾದ ಮೂಲೆಗಳಲ್ಲಿ ಮೊದಲನೆಯದಕ್ಕೆ, ನಡೆದುಕೊಂಡು ಹೋದ. ಜನ ಚಪ್ಪಾಳೆ ತಟ್ಟಿದರು. "ಇಷ್ಟಕ್ಕೇನಾ ಚಪ್ಪಾಳೆ?" ಎಂದು ಪಕ್ಕದವಳನ್ನು ಕೇಳಿದೆ. ಅವಳು ಏನೂ ಹೇಳದೆ ತನ್ನ ಸ್ಕೋರ್‌ಕಾರ್ಡನ್ನೂ ಒಂದು ಪೆನ್ಸಿಲನ್ನೂ ನನ್ನ ತೊಡೆಯ ಮೇಲಿಟ್ಟಳು.

ಆ ಪೆನ್ಸಿಲ್ ನನ್ನ ಕೈ ಬಿಟ್ಟಿಲ್ಲ. ಊರಿನ ಕಡೆಯವರು ಫೋನ್ ಮಾಡಿದಾಗ, ಬೇಸ್‌ಬಾಲ್‌ನಲ್ಲಿ ಒಳ್ಳೆಯ ಬ್ಯಾಟರ್ ಯಾರೆಂದು ಗುರುತಿಸುವುದು ಹೇಗೆ ಎಂದು ಕೇಳುತ್ತಾರೆ. ಹೋಮ್ ರನ್ ಬಾರಿಸುವವನನ್ನು ಯಾರು ಬೇಕಾದರೂ ಗುರುತಿಸಬಹುದು, ಚೆಂಡು ಗ್ಯಾಲರಿಗೆ ಬಿದ್ದರೆ ಅದಕ್ಕೆ ವಿವರಣೆ ಬೇಕಿಲ್ಲ. ನನಗೆ ಹೇಳಬೇಕೆನ್ನಿಸುವುದು ಇನ್ನೊಂದು ಬಗೆಯ ಬ್ಯಾಟರ್ ಬಗ್ಗೆ. ಹೇಗಾದರೂ ಸರಿ, ಔಟ್ ಆಗದೆ ಬೇಸ್ ಮುಟ್ಟುವವನು. ಅವನ ಅರ್ಧ ಕೆಲಸ ಕಣ್ಣಿಗೇ ಬೀಳುವುದಿಲ್ಲ. ಅದನ್ನು ನೋಡಲು ಕಲಿಯಬೇಕು.

ಮೊದಲು ಮನೆಯಲ್ಲೇ ಒಂದು ಕೆಲಸ ಮಾಡಿ. ಹಳೆಯ ರಟ್ಟಿನ ಡಬ್ಬಿಯಿಂದ 17 ಇಂಚು, ಅಂದರೆ 43 ಸೆಂಟಿಮೀಟರ್ ಅಗಲದ ತುಂಡು ಕತ್ತರಿಸಿ ನೆಲದ ಮೇಲಿಡಿ. ಬ್ಯಾಟರ್ ಪಕ್ಕದಲ್ಲಿ ನಿಲ್ಲುವ ಹೋಮ್ ಪ್ಲೇಟಿನ ಅಗಲ ಅಷ್ಟೇ. ಈಗ ಅದರ ಪಕ್ಕ ನಿಂತು, ಮೊಣಕಾಲ ಚಿಪ್ಪಿನ ಕೆಳಗಿನ ಗುಳಿಯಿಂದ ಎದೆಯ ನಡುಮಟ್ಟದವರೆಗೆ ಗಾಳಿಯಲ್ಲಿ ಒಂದು ಚೌಕಟ್ಟು ಎಳೆದುಕೊಳ್ಳಿ. ಅದೇ ಸ್ಟ್ರೈಕ್ ಝೋನ್. ಪಿಚರ್ ಎಸೆದ ಚೆಂಡು ಈ ಚೌಕಟ್ಟಿನ ಅಂಚನ್ನು ಸವರಿಕೊಂಡು ಹೋದರೂ ಅದು ಸ್ಟ್ರೈಕ್. ಬ್ಯಾಟ್ ಬೀಸಿ ಚೆಂಡು ತಾಗದಿದ್ದರೂ ಸ್ಟ್ರೈಕ್. ಚೌಕಟ್ಟಿನ ಹೊರಗೆ ಹೋದ ಚೆಂಡನ್ನು ಬ್ಯಾಟರ್ ಮುಟ್ಟದೆ ಬಿಟ್ಟರೆ ಅದಕ್ಕೆ 'ಬಾಲ್' ಎನ್ನುತ್ತಾರೆ. ಮೂರು ಸ್ಟ್ರೈಕಿಗೆ ಔಟ್, ನಾಲ್ಕು ಬಾಲಿಗೆ ಮೊದಲ ಬೇಸ್ ಪುಕ್ಕಟೆ. ಈ ಪುಕ್ಕಟೆ ಬೇಸಿನ ಹೆಸರೇ ವಾಕ್.

ರಟ್ಟು ನೋಡಿದಾಗ ನನಗೆ ಮೊದಲು ಅನ್ನಿಸಿದ್ದು, ಇಷ್ಟು ಕಿರಿದೇ ಎಂದು. ಪಿಚರ್ ನಿಲ್ಲುವುದು 60 ಅಡಿ 6 ಇಂಚು ದೂರದಲ್ಲಿ. ಗಂಟೆಗೆ 95 ಮೈಲಿ ವೇಗದ ಚೆಂಡು ಸುಮಾರು 0.4 ಸೆಕೆಂಡಿನಲ್ಲಿ ಪ್ಲೇಟ್ ದಾಟಿಬಿಡುತ್ತದೆ. ಅದರಲ್ಲಿ ಅರ್ಧ ಹೊತ್ತಿಗೇ ಬೀಸುವುದೋ ಬಿಡುವುದೋ ತೀರ್ಮಾನ ಆಗಿರಬೇಕು. ಅಂಚಿನಿಂದ ಎರಡು ಬೆರಳು ಆಚೆ ಹೋಗುವ ಚೆಂಡನ್ನು ಅಷ್ಟರಲ್ಲಿ ಗುರುತಿಸಿ ಕೈ ತಡೆಯುವವನು ಸುಮ್ಮನೆ ನಿಂತಿದ್ದಾನೆ ಎಂದು ಹೇಳುವ ಧೈರ್ಯ ನನಗೆ ಆಮೇಲೆ ಬರಲಿಲ್ಲ.

ನಮ್ಮಪ್ಪ ಅರಸೀಕೆರೆಯಲ್ಲಿ ರೈಲ್ವೆ ನೌಕರಿಯಲ್ಲಿದ್ದರು. ರೇಡಿಯೋ ಕಾಮೆಂಟರಿ ಕೇಳುತ್ತಾ ಹಳೆಯ ಲೆಡ್ಜರಿನ ಖಾಲಿ ಹಾಳೆಗಳಲ್ಲಿ ಚೆಂಡು ಚೆಂಡಿಗೂ ಸ್ಕೋರ್ ಬರೆಯುತ್ತಿದ್ದರು. ದ್ರಾವಿಡ್ ಆಫ್ ಸ್ಟಂಪಿನ ಆಚೆಯ ಚೆಂಡನ್ನು ಕೀಪರಿಗೆ ಬಿಟ್ಟಾಗ ಅವರು ಇಡುತ್ತಿದ್ದದ್ದು ಒಂದು ಚುಕ್ಕಿ ಅಷ್ಟೇ, ಆದರೆ ಮುಖ ಅರಳುತ್ತಿತ್ತು. ಬಿಡುವುದೂ ಆಟ ಎಂಬುದು ನನಗೆ ಅಲ್ಲಿಂದಲೇ ಗೊತ್ತಿತ್ತು. ಬೇಸ್‌ಬಾಲ್‌ನಲ್ಲಿ ಹೊಸದಾಗಿ ಕಂಡದ್ದು ಲೆಕ್ಕದ ವಿಷಯ. ಕ್ರಿಕೆಟ್ಟಿನಲ್ಲಿ ವೈಡ್ ಹೋದರೆ ಅದು 'ಇತರೆ' ಸಾಲಿಗೆ ಸೇರುತ್ತದೆ, ಬ್ಯಾಟರ್ ಹೆಸರಿಗಲ್ಲ. ಇಲ್ಲಿ ನಾಲ್ಕು ಬಾಲ್ ಬಿಟ್ಟದ್ದಕ್ಕೆ ಸಿಕ್ಕ ಬೇಸ್ ಅವನ ಖಾತೆಗೇ ಜಮಾ.

ಆ ಖಾತೆಯ ಹೆಸರು ಆನ್-ಬೇಸ್ ಪರ್ಸೆಂಟೇಜ್, ಬಾಯಲ್ಲಿ ಓಬಿಪಿ. ಲೆಕ್ಕ ಹೀಗೆ: ಹಿಟ್ (ಹೊಡೆದು ಸಂಪಾದಿಸಿದ ಬೇಸ್), ವಾಕ್, ಮೈಗೆ ಚೆಂಡು ತಗುಲಿ ಸಿಕ್ಕ ಬೇಸ್, ಈ ಮೂರನ್ನೂ ಕೂಡಿ. ಅದನ್ನು ಅಟ್-ಬ್ಯಾಟ್ (ವಾಕ್, ಮೈಗೆ ತಗುಲಿದ್ದು, ಸ್ಯಾಕ್ರಿಫೈಸ್ ಬಿಟ್ಟು ಉಳಿದ ಸರದಿಗಳು), ವಾಕ್, ಮೈಗೆ ತಗುಲಿದ್ದು, ಸ್ಯಾಕ್ರಿಫೈಸ್ ಫ್ಲೈ (ತಾನು ಕ್ಯಾಚಿಗೆ ಔಟಾಗಿ ಬೇಸಿನಲ್ಲಿದ್ದವನಿಂದ ರನ್ ತರಿಸುವ ಹೊಡೆತ), ಈ ನಾಲ್ಕರ ಮೊತ್ತದಿಂದ ಭಾಗಿಸಿ. ವೊಟ್ಟೊನ 2013ರ ಅಂಕಿ ಇಟ್ಟುಕೊಂಡು ಒಮ್ಮೆ ಕೈಯಾರೆ ಮಾಡಿ. ಹಿಟ್ 177, ವಾಕ್ 135, ಮೈಗೆ ತಗುಲಿದ್ದು 4, ಕೂಡಿದರೆ 316. ಕೆಳಗೆ ಅಟ್-ಬ್ಯಾಟ್ 581, ವಾಕ್ 135, ತಗುಲಿದ್ದು 4, ಸ್ಯಾಕ್ರಿಫೈಸ್ ಫ್ಲೈ 6, ಒಟ್ಟು 726. 316ನ್ನು 726ರಿಂದ ಭಾಗಿಸಿದರೆ 0.435. ಬ್ಯಾಟಿಂಗ್ ಆವರೇಜ್ ಮಾತ್ರ ನೋಡಿದರೆ ಸಿಗುವುದು 177 ಭಾಗಿಸು 581, ಅಂದರೆ 0.305. ನಡುವಿನ ಅಷ್ಟೂ ಅಂತರ ಅವನ ಕಣ್ಣಿನ ದುಡಿಮೆ.

ಇದಕ್ಕೆ ಇಷ್ಟು ಬೆಲೆ ಯಾಕೆ? ಒಂಬತ್ತು ಇನ್ನಿಂಗ್ಸಿನ ಆಟದಲ್ಲಿ ಒಂದು ತಂಡಕ್ಕೆ ಇರುವ ಬಂಡವಾಳ 27 ಔಟು. ಓವರಿನ ಮಿತಿಯಿಲ್ಲ, ಗಡಿಯಾರದ ಮಿತಿಯಿಲ್ಲ. ಔಟ್ ಆಗದಿರುವವರೆಗೆ ಆಟ ನಿಮ್ಮದೇ. ಓಬಿಪಿ 0.435 ಎಂದರೆ ನೂರು ಸಲ ಬಂದರೆ ಸುಮಾರು 56 ಸಲ ಮಾತ್ರ ಆ ಬಂಡವಾಳ ಮುಟ್ಟುತ್ತಾನೆ ಎಂದರ್ಥ. ಉಳಿದವರು ಹೆಚ್ಚಾಗಿ 68, 69 ಸಲ ಮುಟ್ಟುತ್ತಾರೆ.

ಅಂಕಿ ಕೈಗೆ ಬಂದ ಮೇಲೆ ಅದು ದೊಡ್ಡದೋ ಚಿಕ್ಕದೋ ಎಂದು ತಿಳಿಯಬೇಕಲ್ಲ. ಈಚಿನ ವರ್ಷಗಳಲ್ಲಿ ಇಲ್ಲಿನ ಅತಿ ಎತ್ತರದ ಮಟ್ಟದ ಆಟವಾದ ಮೇಜರ್ ಲೀಗಿನ ಒಟ್ಟಾರೆ ಓಬಿಪಿ 0.310ರಿಂದ 0.320ರ ಆಸುಪಾಸು ನಿಲ್ಲುತ್ತದೆ. 0.350 ದಾಟಿದವನು ಒಳ್ಳೆಯವನು. 0.400 ದಾಟುವವರು ವರ್ಷಕ್ಕೆ ಬೆರಳೆಣಿಕೆ. ಟೆಡ್ ವಿಲಿಯಮ್ಸ್ ಇಡೀ ವೃತ್ತಿಜೀವನದ ಓಬಿಪಿ 0.482, ಅದನ್ನು ಯಾರೂ ಮುಟ್ಟಿಲ್ಲ. ಒಂದೇ ಸೀಸನ್ನಿನ ದಾಖಲೆ ಬ್ಯಾರಿ ಬಾಂಡ್ಸ್ 2004ರಲ್ಲಿ ಮಾಡಿದ 0.609. ಇದನ್ನು ಮೊದಲ ಸಲ ಓದಿದಾಗ ಅಚ್ಚಿನ ತಪ್ಪೆಂದುಕೊಂಡು ನಾನೇ ಕೂತು ಲೆಕ್ಕ ಹಾಕಿದೆ: 135 ಹಿಟ್, 232 ವಾಕ್, 9 ಸಲ ಮೈಗೆ ತಗುಲಿದ್ದು, ಒಟ್ಟು 376. ಕೆಳಗಿನ ಮೊತ್ತ 617. ಸರಿಯಾಗಿಯೇ ಇತ್ತು.

ಹೆಸರು ನೋಡಿ ಮೋಸ ಹೋಗಬಾರದೆಂಬುದಕ್ಕೆ ಇನ್ನೊಂದು ಜೋಡಿ. ಇಚಿರೊ ಸುಜುಕಿಯ ವೃತ್ತಿಜೀವನದ ಆವರೇಜ್ 0.311, ಓಬಿಪಿ 0.355. 1940, 50ರ ದಶಕಗಳಲ್ಲಿ ವಾಷಿಂಗ್ಟನ್ ಪರ ಆಡಿದ ಎಡ್ಡಿ ಯೋಸ್ಟ್ ಆವರೇಜ್ 0.254 ಅಷ್ಟೇ, ಓಬಿಪಿ ಮಾತ್ರ 0.394. ಯೋಸ್ಟ್‌ಗೆ ಅಭಿಮಾನಿಗಳಿಟ್ಟ ಅಡ್ಡಹೆಸರೇ 'ನಡೆಯುವ ಮನುಷ್ಯ'. ಇಚಿರೊ ಕಣ್ಣಿಗೆ ಹಬ್ಬ, ಅದರಲ್ಲಿ ಎರಡು ಮಾತಿಲ್ಲ, ಓಟದಲ್ಲಿ ಅವನಿಗೆ ಸಾಟಿಯೂ ಇಲ್ಲ. ಆದರೆ ಬೇಸ್ ಮುಟ್ಟುವ ಲೆಕ್ಕ ಮಾತ್ರ ಹೇಳುವುದಾದರೆ ಯೋಸ್ಟ್ ಮುಂದೆ.

ಈಗ ಮುಖ್ಯ ಕೆಲಸಕ್ಕೆ ಬರೋಣ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಇಡೀ ಆಟ ಬರೆಯಲು ಹೋಗಬೇಡಿ, ಮೊದಲ ದಿನವೇ ಸುಸ್ತಾಗಿ ಬಿಟ್ಟುಬಿಡುತ್ತೀರಿ. ಒಬ್ಬನೇ ಬ್ಯಾಟರನ್ನು ಆರಿಸಿಕೊಳ್ಳಿ. ಒಂದು ಆಟದಲ್ಲಿ ಅವನು ನಾಲ್ಕೈದು ಸಲ ಬರುತ್ತಾನೆ. ಪ್ರತಿ ಸಲಕ್ಕೆ ಒಂದು ಸಾಲು, ಪ್ರತಿ ಚೆಂಡಿಗೆ ಒಂದು ಗುರುತು. ಹೊರಗಿನ ಚೆಂಡು ಬಿಟ್ಟರೆ ನಾನು ಸೊನ್ನೆ ಹಾಕುತ್ತೇನೆ. ಒಳಗಿನದು ಬಿಟ್ಟರೆ ಅಡ್ಡಗೆರೆ. ಫೌಲ್ ಆದರೆ, ಅಂದರೆ ಚೆಂಡು ಬ್ಯಾಟಿಗೆ ತಾಗಿ ಮೈದಾನದ ಗೆರೆಯಾಚೆ ಹೋದರೆ, 'ಫೌ'. ಬೀಸಿ ತಪ್ಪಿದರೆ ಗುಣಾಕಾರ ಚಿಹ್ನೆ. ಹೊರಗಿನ ಚೆಂಡಿಗೆ ಬೀಸಿದ್ದರೆ, ತಗುಲಲಿ ಬಿಡಲಿ, ಆ ಗುರುತಿನ ಸುತ್ತ ಒಂದು ವೃತ್ತ. ಈ ವೃತ್ತವೇ ನೀವು ಹುಡುಕುತ್ತಿರುವುದು. ಆಸ್ಪತ್ರೆಯ ಲ್ಯಾಬಿನಲ್ಲಿ ನಾನು ದಿನವಿಡೀ ಸೂಕ್ಷ್ಮದರ್ಶಕದ ಕೆಳಗೆ ಬಿಳಿ ರಕ್ತಕಣ ಬಗೆಬಗೆಯಾಗಿ ವಿಂಗಡಿಸಿ ಎಣಿಸುತ್ತೇನೆ. ಅಲ್ಲಿ ಕಲಿತದ್ದು ಒಂದೇ: ಎಣಿಸಿದ ಮೇಲಷ್ಟೇ ಮಾತಾಡಬೇಕು, ಕಣ್ಣಂದಾಜು ನಂಬಬಾರದು. ಇಲ್ಲಿಯೂ ಹಾಗೇ.

ಒಂದು ಸಾಲು ಹೀಗಿರುತ್ತದೆ: ಸೊನ್ನೆ, ಗೆರೆ, ಸೊನ್ನೆ, ಫೌ, ಫೌ, ಸೊನ್ನೆ, ಫೌ, ಸೊನ್ನೆ. ಮಾಮೂಲಿ ಸ್ಕೋರ್‌ಕಾರ್ಡಿನಲ್ಲಿ ಇದಕ್ಕೆ ಸಿಗುವುದು 'ಬಿಬಿ' ಎಂಬ ಎರಡಕ್ಷರ. ನಿಮ್ಮ ಸಾಲು ಅದಕ್ಕಿಂತ ಹೆಚ್ಚು ಹೇಳುತ್ತದೆ. ಎರಡನೇ ಚೆಂಡು ಒಳಗೇ ಇತ್ತು, ಆದರೂ ಬಿಟ್ಟ, ಪ್ರಾಯಶಃ ಅವನು ಕಾಯುತ್ತಿದ್ದ ಜಾಗ ಅದಲ್ಲ. ನಾಲ್ಕನೆಯದು ಫೌಲ್, ಅದೂ ಸ್ಟ್ರೈಕೇ, ಅಲ್ಲಿಗೆ ಎರಡು ಸ್ಟ್ರೈಕ್ ಆಯಿತು, ಇನ್ನೊಂದು ತಪ್ಪಿದರೆ ಔಟ್. ಅಲ್ಲಿಂದ ಮುಂದೆ ಹೊಡೆಯಲಾಗದ ಎರಡು ಒಳ್ಳೆಯ ಚೆಂಡುಗಳನ್ನು ಫೌಲಿಗೆ ತಳ್ಳಿ ಜೀವ ಉಳಿಸಿಕೊಂಡ, ಯಾಕೆಂದರೆ ಎರಡು ಸ್ಟ್ರೈಕ್ ಆದ ಮೇಲೆ ಫೌಲ್ ಎಷ್ಟಾದರೂ ಔಟ್ ಇಲ್ಲ, ಬಂಟ್ ಮಾಡಲು, ಅಂದರೆ ಬೀಸದೆ ಮೆಲ್ಲಗೆ ತಟ್ಟಲು, ಹೋಗಿ ಆದ ಫೌಲ್ ಬಿಟ್ಟು. ಕೆಟ್ಟ ಚೆಂಡು ಎರಡನ್ನು ಬಿಟ್ಟ. ಇಡೀ ಸಾಲಿನಲ್ಲಿ ಒಂದು ವೃತ್ತವೂ ಇಲ್ಲ. ಪಿಚರ್ ಎಂಟು ಚೆಂಡು ಸುರಿದ. ಆಟ ಶುರು ಮಾಡುವ ಪಿಚರ್ ನೂರು ಚೆಂಡಿನ ಹತ್ತಿರ ಬಂದರೆ ಅವನನ್ನು ಇಳಿಸುತ್ತಾರೆ ಎಂಬುದು ನೆನಪಿದ್ದರೆ ಆ ಎಂಟರ ತೂಕ ತಿಳಿಯುತ್ತದೆ.

ಹತ್ತು ಆಟ ಬರೆದ ಮೇಲೆ ವೃತ್ತಗಳನ್ನು ಎಣಿಸಿ. ಲೀಗಿನ ಸಾಮಾನ್ಯ ಬ್ಯಾಟರ್ ಹೊರಗೆ ಹೋಗುವ ಹತ್ತು ಚೆಂಡಿನಲ್ಲಿ ಹೆಚ್ಚುಕಡಿಮೆ ಮೂರಕ್ಕೆ ಬೀಸುತ್ತಾನೆ. ಹುವಾನ್ ಸೋಟೊನಂಥವನು ಎರಡಕ್ಕೂ ಬೀಸುವುದಿಲ್ಲ. ಕೇಳಲು ಸಣ್ಣ ವ್ಯತ್ಯಾಸ. 2021ರಲ್ಲಿ ಅವನಿಗೆ ಸಿಕ್ಕ 145 ವಾಕ್ ಅಲ್ಲಿಂದಲೇ ಬಂದದ್ದು.

ಗುರುತು ಹಾಕುವಾಗ ಕಣ್ಣು ಎಲ್ಲಿರಬೇಕು? ಚೆಂಡಿನ ಮೇಲಲ್ಲ. ಟಿವಿಯಲ್ಲಿ ಈಗ ಚೌಕಟ್ಟು ಬರೆದು ತೋರಿಸುತ್ತಾರೆ, ಒಳಗೋ ಹೊರಗೋ ಅದೇ ಹೇಳುತ್ತದೆ. ನೀವು ಬ್ಯಾಟರ್‌ನ ಮುಂಗಾಲು, ತಲೆ, ಕೈ ನೋಡಿ. ಒಳ್ಳೆಯವನ ಮುಂಗಾಲು ಪ್ರತಿ ಚೆಂಡಿಗೂ ನೆಲಕ್ಕೆ ಇಳಿಯುತ್ತದೆ, ಸೊಂಟ ತಿರುಗಲು ಶುರುವಾಗಿರುತ್ತದೆ, ಕೈ ಮಾತ್ರ ಹಿಂದೆ ಉಳಿದಿರುತ್ತದೆ. ಬೀಸುವುದಕ್ಕೇ ಹೊರಟು, ಕೊನೇ ಗಳಿಗೆಯಲ್ಲಿ ಬೇಡವೆಂದು ನಿಲ್ಲಿಸುತ್ತಾನೆ. ಬಿಡುವ ನಿರ್ಧಾರ ಮೊದಲೇ ಮಾಡಿಕೊಂಡು ಬಂದವನ ಮೈ ಹಾಗೆ ಕದಲುವುದಿಲ್ಲ. ವೊಟ್ಟೊ ಬಿಟ್ಟ ಚೆಂಡನ್ನು ತಲೆ ತಿರುಗಿಸುತ್ತಾ ಕ್ಯಾಚರಿನ ಗ್ಲೌಸಿನ ತನಕ ಕಳಿಸಿಕೊಟ್ಟು ಬರುತ್ತಿದ್ದ. ಸೋಟೊ ಬಿಟ್ಟ ಮೇಲೆ ಮೊಣಕಾಲು ಬಗ್ಗಿಸಿ ಕಾಲಿನಿಂದ ಮಣ್ಣು ಸವರುತ್ತಾ ಪಿಚರ್‌ನ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾನೆ. ಕೆಲವರಿಗೆ ಅದು ಸೊಕ್ಕು ಅನ್ನಿಸುತ್ತದೆ. ನನಗೆ ಬಹಳ ಇಷ್ಟ. ಬಿಟ್ಟದ್ದನ್ನೂ ಹೊಡೆತದಷ್ಟೇ ಹೆಮ್ಮೆಯಿಂದ ತೋರಿಸಿಕೊಳ್ಳುವವನು ಅವನೊಬ್ಬನೇ.

ಎರಡು ಸ್ಟ್ರೈಕ್ ಆದ ಕೂಡಲೇ ಬ್ಯಾಟಿನ ಹಿಡಿ ನೋಡಿ. ವೊಟ್ಟೊ ಕೈಯನ್ನು ಬುಡದಿಂದ ಮೇಲಕ್ಕೆ ಸರಿಸಿ, ಬ್ಯಾಟನ್ನು ಗಿಡ್ಡ ಮಾಡಿಕೊಳ್ಳುತ್ತಿದ್ದ. ಹೊಡೆತದ ದೂರ ಸ್ವಲ್ಪ ಹೋಗಲಿ, ತಡವಾಗಿ ಬೀಸಿದರೂ ತಾಗಲಿ ಎಂದು. ಹೋಮ್ ರನ್ ಹೊಡೆಯಬಲ್ಲ ದೊಡ್ಡ ಆಟಗಾರ ಚಿಕ್ಕ ಹುಡುಗರ ಹಾಗೆ ಬ್ಯಾಟ್ ಹಿಡಿಯಲು ನಾಚುತ್ತಿರಲಿಲ್ಲ. 2017ರಲ್ಲಿ ಅವನು 36 ಹೋಮ್ ರನ್ ಹೊಡೆದ, 134 ವಾಕ್ ತೆಗೆದ, ಸ್ಟ್ರೈಕ್ಔಟ್ ಆದದ್ದು 83 ಸಲ ಮಾತ್ರ. ಆ ವರ್ಷ ಅತ್ಯಮೂಲ್ಯ ಆಟಗಾರನಿಗೆ ಕೊಡುವ ಎಂವಿಪಿ ಪ್ರಶಸ್ತಿ ಜಾನ್‌ಕಾರ್ಲೊ ಸ್ಟಾಂಟನ್ ಪಾಲಾಯಿತು, ಎರಡೇ ಅಂಕದ ಅಂತರದಲ್ಲಿ. ನನಗೆ ಅದು ಇವತ್ತಿಗೂ ಒಪ್ಪಿಗೆಯಿಲ್ಲ.

ಅದೇ ಅಂಕಿಯಲ್ಲಿ ಇನ್ನೊಂದು ಪಾಠವಿದೆ. ಬರೀ ಬಿಡುವವನಿಗೆ ವಾಕ್ ಸಿಗುವುದಿಲ್ಲ. ಹೊಡೆಯಲಾರದ ಬ್ಯಾಟರ್‌ಗೆ ಪಿಚರ್ ಅಂಜುವುದೇಕೆ, ಚೌಕಟ್ಟಿನ ನಡುವೆ ಮೂರು ಎಸೆದು ಮನೆಗೆ ಕಳಿಸುತ್ತಾನೆ. ನಡುವೆ ಬಂದ ಚೆಂಡಿಗೆ ದಂಡನೆ ಇದೆ ಎಂದು ಗೊತ್ತಿದ್ದರೆ ಮಾತ್ರ ಪಿಚರ್ ಅಂಚು ಹುಡುಕುತ್ತಾನೆ, ಅಂಚು ಹುಡುಕಿದಾಗ ಚೆಂಡು ಹೊರಗೆ ಬೀಳುತ್ತದೆ. ಆದ್ದರಿಂದ ನಿಮ್ಮ ಪುಸ್ತಕದಲ್ಲಿ ಅಡ್ಡಗೆರೆಗಳೂ ರಾಶಿಯಾಗಿದ್ದರೆ, ಅಂದರೆ ಒಳಗಿನ ಚೆಂಡನ್ನೂ ಬಿಡುತ್ತಿದ್ದರೆ, ಅವನು ಜಾಣನಲ್ಲ, ಹಿಂಜರಿಯುವವನು. ಸೊನ್ನೆ ಹೆಚ್ಚು, ಗೆರೆ ಕಡಿಮೆ ಇರುವವನನ್ನು ಹುಡುಕಿ.

ಭಯ ಎಲ್ಲಿಯವರೆಗೆ ಹೋಗುತ್ತದೆ ಎಂದರೆ, 1998ರ ಮೇ ತಿಂಗಳಲ್ಲಿ ಅರಿಜೋನಾ ತಂಡ ಮೂರೂ ಬೇಸ್ ತುಂಬಿದ್ದಾಗ ಬಾಂಡ್ಸ್‌ಗೆ ಬೇಕೆಂದೇ ವಾಕ್ ಕೊಟ್ಟು, ಒಂದು ರನ್ ಕೈಯಾರೆ ಬಿಟ್ಟುಕೊಟ್ಟಿತು. 2004ರ ಆ 232ರಲ್ಲಿ 120 ಇಂಥ ಬೇಕೆಂದೇ ಕೊಟ್ಟವು. 2017ರಿಂದ ಇದಕ್ಕೆ ಚೆಂಡು ಎಸೆಯುವುದೂ ಬೇಕಿಲ್ಲ, ಮ್ಯಾನೇಜರ್ ಸನ್ನೆ ಮಾಡಿದರೆ ಸಾಕು. ಓಬಿಪಿಯಲ್ಲಿ ಇವೂ ಸೇರುತ್ತವೆ. ನಾನು ನನ್ನ ಪುಸ್ತಕದಲ್ಲಿ ಅವನ್ನು ಬೇರೆ ಬಣ್ಣದಲ್ಲಿ ಬರೆಯುತ್ತೇನೆ, ಅಲ್ಲಿ ಕಣ್ಣಿನ ಕೆಲಸ ಇಲ್ಲವಲ್ಲ.

"ವಾಕ್ ತೆಗೆದು ಏನು ಬಂತು, ರನ್ ತರುವವನು ಬೇರೆಯವನೇ" ಎಂಬ ಮಾತನ್ನು ಈ ಊರಿನಲ್ಲೇ ಎಷ್ಟು ಸಲ ಕೇಳಿದ್ದೇನೆ. 2013ರಲ್ಲಿ ವೊಟ್ಟೊ ತಂದ ರನ್ 73 ಎಂದು ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ ಎಲ್ಲರೂ ಬೈಯುತ್ತಿದ್ದರು. ಅದೇ ವರ್ಷ ಬ್ಯಾಟಿಂಗ್ ಸರದಿಯಲ್ಲಿ ಅವನ ಹಿಂದೆ ಬರುತ್ತಿದ್ದ ಬ್ರ್ಯಾಂಡನ್ ಫಿಲಿಪ್ಸ್ 103 ರನ್ ತಂದ, ಎಲ್ಲರ ಬಾಯಲ್ಲೂ ಅವನದೇ ಹೊಗಳಿಕೆ. ಫಿಲಿಪ್ಸ್ ಓಬಿಪಿ 0.310. ಅವನು ಬ್ಯಾಟ್ ಹಿಡಿದು ಬರುವಾಗ ಬೇಸುಗಳ ಮೇಲೆ ನಿಂತಿರುತ್ತಿದ್ದವರು ಯಾರು? ಮೊದಲ ಸ್ಥಾನದಲ್ಲಿ ಕೊರಿಯಾದ ಚೂ ಶಿನ್-ಸೂ: 162 ಹಿಟ್, 112 ವಾಕ್, 26 ಸಲ ಮೈಗೆ ಚೆಂಡು. ಕೂಡಿ ನೋಡಿ, ಸರಿಯಾಗಿ 300. ಅವನ ಹಿಂದೆ ವೊಟ್ಟೊ 316. ಇವರಿಬ್ಬರೂ ಆ ವರ್ಷ, ಮೇಜರ್ ಲೀಗಿನಲ್ಲಿ ರೆಡ್ಸ್ ಆಡುವ ಅರ್ಧವಾದ ನ್ಯಾಷನಲ್ ಲೀಗಿನ ಓಬಿಪಿಯಲ್ಲಿ ಮೊದಲ ಇಬ್ಬರು. ಫಿಲಿಪ್ಸ್ ಕೆಟ್ಟ ಆಟಗಾರನಲ್ಲ, ಎರಡನೇ ಬೇಸಿನಲ್ಲಿ ಅವನ ಫೀಲ್ಡಿಂಗ್ ನೋಡಲೆಂದೇ ನಾನು ಟಿಕೆಟ್ ಕೊಂಡದ್ದಿದೆ. ಆದರೆ ಅನ್ನ ಬಡಿಸಿದವರನ್ನಷ್ಟೇ ಹೊಗಳಿ ಅಡಿಗೆ ಮಾಡಿದವರನ್ನು ಬೈಯುವುದು ಸರಿಯಲ್ಲ. ನೀವು ಬರೆಯುವಾಗ ಒಂದು ಬೇಸ್ ಸಿಕ್ಕ ಮೇಲೆ ಮುಂದೇನಾಯಿತು ಎಂದು ಸಾಲಿನ ಕೊನೆಗೆ ಒಂದು ಮಾತು ಸೇರಿಸಿ. ರಿಕಿ ಹೆಂಡರ್ಸನ್ ಕಾಲದಲ್ಲಿ ಬರೆದಿದ್ದರೆ ಆ ಕಾಲಂ ತುಂಬಿ ಹೋಗುತ್ತಿತ್ತು: ಮೈ ಕುಗ್ಗಿಸಿ ಚೌಕಟ್ಟನ್ನೇ ಚಿಕ್ಕದು ಮಾಡಿಕೊಂಡು 2190 ವಾಕ್ ತೆಗೆದ, ಹೊಡೆತಕ್ಕೆ ಕಾಯದೆ ಓಡಿ ಮುಂದಿನ ಬೇಸ್ ಕದ್ದದ್ದು 1406.

ಹೊಸಬರು ಎಡವುವ ಜಾಗಗಳು ಒಂದೆರಡಿವೆ. ಫೀಲ್ಡರ್ ಚೆಂಡು ಕೈಚೆಲ್ಲಿ ಬ್ಯಾಟರ್ ಬೇಸ್ ಮುಟ್ಟಿದರೆ ಅದು ಎರರ್. ಓಬಿಪಿಗೆ ಸೇರುವುದಿಲ್ಲ, ಔಟ್ ಆದ ಹಾಗೇ ಲೆಕ್ಕ. ಸ್ಯಾಕ್ರಿಫೈಸ್ ಬಂಟ್ ಲೆಕ್ಕದಿಂದ ಪೂರಾ ಹೊರಗೆ, ಸ್ಯಾಕ್ರಿಫೈಸ್ ಫ್ಲೈ ಮಾತ್ರ ಕೆಳಗಿನ ಮೊತ್ತಕ್ಕೆ ಸೇರಿ ಓಬಿಪಿಯನ್ನು ಇಳಿಸುತ್ತದೆ. ಇನ್ನು ಏಪ್ರಿಲ್ ತಿಂಗಳ ಅಂಕಿ ನೋಡಿ ಯಾರನ್ನೂ ತಲೆಯ ಮೇಲೆ ಹೊರಬೇಡಿ. ಹಿಟ್‌ಗಳು ಅದೃಷ್ಟಕ್ಕೆ ಬಹಳ ಜೋಲಿ ಹೊಡೆಯುತ್ತವೆ, ನಿಜವಾದ ಮಟ್ಟ ತೋರಿಸಲು ಒಂದು ಸೀಸನ್ನೂ ಸಾಲದು. ವಾಕ್ ಮತ್ತು ಸ್ಟ್ರೈಕ್ಔಟ್ ಬೇಗ ನೆಲೆ ನಿಲ್ಲುತ್ತವೆ. ಹಾಗಾಗಿ ಹೊಸ ಹುಡುಗನೊಬ್ಬನನ್ನು ಅಳೆಯುವುದಾದರೆ ಮೇ ತಿಂಗಳ ಕೊನೆಗೆ ನಿಮ್ಮ ವೃತ್ತಗಳನ್ನು ನಂಬಿ, ಆವರೇಜನ್ನು ನಂಬಬೇಡಿ.

2026ರಿಂದ ಮೇಜರ್ ಲೀಗಿನಲ್ಲಿ ಒಂದು ಹೊಸ ನಿಯಮವೂ ಇದೆ. ಅಂಪೈರ್ ಕೊಟ್ಟ ಬಾಲ್, ಸ್ಟ್ರೈಕ್ ತೀರ್ಪನ್ನು ಆಟಗಾರರು ಪ್ರಶ್ನಿಸಬಹುದು. ಬ್ಯಾಟರ್ ತಲೆ ಮುಟ್ಟಿಕೊಂಡರೆ ಕ್ಯಾಮರಾ ಅಳತೆ ಪರದೆಗೆ ಬರುತ್ತದೆ. ಕೇಳುವ ಹಕ್ಕು ಬ್ಯಾಟರ್, ಪಿಚರ್, ಕ್ಯಾಚರ್ ಮೂವರಿಗೆ ಮಾತ್ರ, ತಂಡ ಕೂರುವ ಡಗ್ಔಟಿನಿಂದ ಯಾರೂ ಹೇಳಿಕೊಡುವಂತಿಲ್ಲ. ತಂಡಕ್ಕೆ ಆಟಕ್ಕೆ ಎರಡು ಅವಕಾಶ, ಗೆದ್ದರೆ ಅದು ಉಳಿಯುತ್ತದೆ. ನಿಮ್ಮ ಪುಸ್ತಕದಲ್ಲಿ ಇದಕ್ಕೂ ಒಂದು ಗುರುತು ಇಟ್ಟುಕೊಳ್ಳಿ. ಚೌಕಟ್ಟು ಯಾರ ತಲೆಯಲ್ಲಿ ನಿಖರವಾಗಿ ಕೂತಿದೆ ಎಂದು ಇಷ್ಟು ಸ್ಪಷ್ಟವಾಗಿ ತೋರಿಸುವ ಅವಕಾಶ ಹಿಂದೆ ಇರಲಿಲ್ಲ. ವೊಟ್ಟೊ ಇದು ಬರುವ ಮೊದಲೇ, 2024ರಲ್ಲಿ, ನಿವೃತ್ತನಾದ. ಅವನು ಕೈ ಎತ್ತಿ ಹೆಲ್ಮೆಟ್ ಮುಟ್ಟುವುದನ್ನು ನೋಡಬೇಕಿತ್ತು.

ಕರ್ನಾಟಕದಲ್ಲಿ ಕೂತು ನೋಡುವವರಿಗೆ ಹೊತ್ತು ಅನುಕೂಲವಾಗಿಯೇ ಇದೆ. ಸೀಸನ್ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ. ನ್ಯೂಯಾರ್ಕ್, ಸಿನ್ಸಿನಾಟಿ ಕಡೆ ಸಂಜೆ ಏಳಕ್ಕೆ ಶುರುವಾಗುವ ಆಟ ನಿಮಗೆ ಬೆಳಗಿನ ಜಾವ ನಾಲ್ಕೂವರೆ. ಅಷ್ಟು ಬೇಗ ಏಳಲಾಗದಿದ್ದರೆ ಕ್ಯಾಲಿಫೋರ್ನಿಯಾದ ಆಟ ಆರಿಸಿಕೊಳ್ಳಿ, ಏಳೂವರೆಗೆ ಕಾಫಿ ಲೋಟದ ಜೊತೆ ಶುರುವಾಗುತ್ತದೆ. ಮೊದಲ ಬ್ಯಾಟರ್ ಆಗಿ ನ್ಯೂಯಾರ್ಕ್ ಮೆಟ್ಸ್‌ನ ಸೋಟೊನನ್ನೇ ತೆಗೆದುಕೊಳ್ಳಿ. 15 ವರ್ಷಕ್ಕೆ 765 ಮಿಲಿಯನ್ ಡಾಲರ್ ಒಪ್ಪಂದ ಮಾಡಿಕೊಂಡ ಆಟಗಾರ. ಆ ಹಣದಲ್ಲಿ ಎಷ್ಟು ಪಾಲು ಹೊಡೆದದ್ದಕ್ಕೆ, ಎಷ್ಟು ಪಾಲು ಬಿಟ್ಟದ್ದಕ್ಕೆ ಎಂದು ನಾಲ್ಕು ಸಾಲು ಬರೆದ ಮೇಲೆ ನಿಮಗೇ ಅಂದಾಜು ಸಿಗುತ್ತದೆ.

ಅಪ್ಪ ಪೆನ್ನಿನಲ್ಲಿ ಬರೆಯುತ್ತಿದ್ದರು, ಒಮ್ಮೆಯೂ ಹೊಡೆದು ಹಾಕಿ ಬರೆದದ್ದು ನೆನಪಿಲ್ಲ. ಇಲ್ಲಿ ಪೆನ್ಸಿಲ್ಲೇ ಬೇಕು. ಹಿಟ್ ಎಂದು ಕೊಟ್ಟದ್ದನ್ನು ಅಧಿಕೃತ ಸ್ಕೋರರ್ ಆಟ ಮುಗಿದ ಮೇಲೆ ಎರರ್ ಎಂದು ಬದಲಿಸಬಹುದು. ಹಾಗಾದಾಗ ನಾನು ಮರುದಿನ ಊಟದ ಬಿಡುವಿನಲ್ಲಿ ಆ ಸಾಲಿನ ಕೊನೆಯ ಗುರುತನ್ನು ಅಳಿಸಿ ಬರೆಯುತ್ತೇನೆ. ಅದರ ಹಿಂದಿನ ಸೊನ್ನೆಗಳನ್ನು ಮುಟ್ಟುವ ಪ್ರಸಂಗ ಬರುವುದಿಲ್ಲ.